ಮೂರು ಸಲ ‘ಮೂರು’

ಹಾಲಿನ ಡೇರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ ತೋರಿಸುವ ಯಂತ್ರ, ಮನೆಯ ಇನ್ವರ್ಟರು, ತೋಟದ ಮೋಟರಿಗೆ ಕೂರಿಸಿದ ಕಂಟ್ರೋಲ್ ಬಾಕ್ಸು, ಊರಿನ ಶುದ್ಧ ನೀರಿನ ಘಟಕ. ಇವುಗಳಲ್ಲಿ ಎಷ್ಟೋ ಯಂತ್ರಗಳ ಮುಖದ ಮೇಲೆ ಒಂದೇ ಬಗೆಯ ಪುಟ್ಟ ಕಿಟಕಿ ಇರುತ್ತದೆ. ಹಸಿರೋ ನೀಲಿಯೋ ಬೆಳಕು, ಎರಡು ಸಾಲು, ಸಾಲಿಗೆ 16 ಅಕ್ಷರ. ಬಣ್ಣದ ಟಚ್‌ಸ್ಕ್ರೀನುಗಳ ಕಾಲದಲ್ಲೂ ಇದು ಮೂಲೆ ಸೇರಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ‘ಸಿಕ್ಸ್‌ಟೀನ್ ಬೈ ಟೂ’ ಅಂದರೆ ಸಾಕು, ಬೇರೇನೂ ಕೇಳದೆ ತೆಗೆದು ಕೊಡುತ್ತಾರೆ.

ಈ ಕಿಟಕಿ ಕೈಕೊಡುವ ರೀತಿಯೂ ಎಲ್ಲ ಕಡೆ ಒಂದೇ. ಕೆಲವೊಮ್ಮೆ ಮೇಲಿನ ಸಾಲಿನ ತುಂಬ ಕಪ್ಪು ಚೌಕಗಳು ಮೂಡಿ ಕೆಳಗಿನ ಸಾಲು ಖಾಲಿ ಉಳಿಯುತ್ತದೆ (ನೀಲಿ ಪರದೆಯಲ್ಲಾದರೆ ಚೌಕಗಳು ಬಿಳಿ). ಇನ್ನು ಕೆಲವೊಮ್ಮೆ, ನೆಟ್ಟಗೆ ಕೆಲಸ ಮಾಡುತ್ತಿದ್ದ ಪರದೆಯಲ್ಲಿ ದಿಢೀರನೆ ಜಪಾನಿ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಯಂತ್ರ ತಯಾರಾದದ್ದು ಪೀಣ್ಯದಲ್ಲಿ, ಪ್ರೋಗ್ರಾಂ ಬರೆದವರು ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಜಪಾನಿ ಎಲ್ಲಿಂದ ಬಂತು? ‘ಡಿಸ್‌ಪ್ಲೇ ಹೋಯ್ತು, ಬದಲಾಯಿಸಿ’ ಎನ್ನುವುದು ರಿಪೇರಿಯವರ ಸಿದ್ಧ ಉತ್ತರ. ಬಹಳ ಸಲ ಡಿಸ್‌ಪ್ಲೇಗೆ ಏನೂ ಆಗಿರುವುದಿಲ್ಲ.

ಗಾಜಿನ ಹಿಂದಿನ ಚಿಪ್ಪು

ಪ್ರತಿ ಅಕ್ಷರದ ಮನೆಯಲ್ಲೂ ಅಡ್ಡಕ್ಕೆ 5, ಉದ್ದಕ್ಕೆ 8 ಚುಕ್ಕಿಗಳಿರುತ್ತವೆ. 32 ಮನೆಗಳಿಗೆ ಒಟ್ಟು 1280 ಚುಕ್ಕಿ. ಒಂದೊಂದಕ್ಕೂ ಒಂದೊಂದು ತಂತಿ ಎಳೆಯುವುದು ಆಗದ ಮಾತು. ಹಾಗಾಗಿ 16 ಅಡ್ಡಗೆರೆ, 80 ಉದ್ದಗೆರೆಗಳ ಬಲೆ ಹೆಣೆದು, ಅಡ್ಡಗೆರೆಗಳಿಗೆ ಸರದಿಯ ಮೇಲೆ ವಿದ್ಯುತ್ ಕೊಡುತ್ತಾ ಹೋಗುತ್ತಾರೆ. ಸೆಕೆಂಡಿಗೆ ಹತ್ತಾರು ಸುತ್ತು ನಡೆಯುವ ಈ ಸರದಿ ನಮ್ಮ ಕಣ್ಣಿಗೆ ತಿಳಿಯುವುದಿಲ್ಲ.

ಸರದಿ ನಡೆಸುವ ಹೊಣೆ ಯಂತ್ರದ ಮುಖ್ಯ ಮೈಕ್ರೋಕಂಟ್ರೋಲರಿನದ್ದಲ್ಲ. ಡಿಸ್‌ಪ್ಲೇ ಬೋರ್ಡನ್ನು ತಿರುವಿ ನೋಡಿ: ಕಪ್ಪು ರಾಳದ ಎರಡು ಬೊಟ್ಟುಗಳು ಕಾಣುತ್ತವೆ. ಒಂದರಡಿ ಪರದೆಯ ನಿಯಂತ್ರಕ ಚಿಪ್ಪು ಕೂತಿದೆ, ಇನ್ನೊಂದರಡಿ ಅದರ ಸಹಾಯಕ. ಈ ನಿಯಂತ್ರಕದ ಮೂಲಪುರುಷ ಜಪಾನಿನ ಹಿಟಾಚಿ ಕಂಪನಿ 1980ರ ದಶಕದಲ್ಲಿ ತಂದ ಎಚ್‌ಡಿ44780. ಈಗ ಸಿಗುವ ಬೋರ್ಡುಗಳಲ್ಲಿ ಇರುವುದು ಹೆಚ್ಚಾಗಿ ಬೇರೆ ಕಂಪನಿಗಳ ಚಿಪ್ಪು, ಆದರೆ ಅವೆಲ್ಲ ಹಿಟಾಚಿಯ ಅದೇ ಆದೇಶಗಳಿಗೆ ಓಗೊಡುತ್ತವೆ. ನಾಲ್ಕು ದಶಕ ಕಳೆದರೂ ಯಾರೂ ಈ ಭಾಷೆ ಬದಲಿಸುವ ಗೋಜಿಗೆ ಹೋಗಿಲ್ಲ. ಎಲೆಕ್ಟ್ರಾನಿಕ್ಸಿನಲ್ಲಿ ಇಷ್ಟು ದೀರ್ಘಾಯುಷ್ಯ ಅಪರೂಪ.

ಅಂದರೆ ಯಂತ್ರದೊಳಗೆ ಇಬ್ಬರಿದ್ದಾರೆ. ಲೆಕ್ಕ ಹಾಕಿ ‘ಇಂಥದ್ದನ್ನು ತೋರಿಸು’ ಎನ್ನುವವನೊಬ್ಬ, ಕೇಳಿಸಿಕೊಂಡು ಚುಕ್ಕಿ ಮೂಡಿಸುವವನೊಬ್ಬ. ಈ ಅಧ್ಯಾಯದ ಕಥೆಯೆಲ್ಲ ಇವರಿಬ್ಬರ ನಡುವಿನದು.

ಚೌಕಗಳು ಅಕ್ಷರಗಳಲ್ಲ

ಮೊದಲು ಕಪ್ಪು ಚೌಕಗಳನ್ನು ಬಿಡಿಸೋಣ. ದ್ರವಸ್ಫಟಿಕದ ಚುಕ್ಕಿ ತಾನಾಗಿ ಬೆಳಗುವುದಿಲ್ಲ. ಸಾಕಷ್ಟು ವೋಲ್ಟೇಜ್ ಬಿದ್ದರೆ ಹಿಂದಿನ ಬೆಳಕಿಗೆ ಅಡ್ಡ ಬರುತ್ತದೆ, ಅಷ್ಟೆ. ಅದು ಗಮನಿಸುವುದು ಒಂದು ಕ್ಷಣದ ವೋಲ್ಟೇಜನ್ನಲ್ಲ, ಇಡೀ ಸುತ್ತಿನ ಸರಾಸರಿಯನ್ನು. ಬಲೆ ಹೆಣೆದಿರುವುದರಿಂದ ಆರಿಸದ ಚುಕ್ಕಿಗಳ ಮೇಲೂ ಅಷ್ಟಿಷ್ಟು ವೋಲ್ಟೇಜ್ ಬಿದ್ದೇ ಬೀಳುತ್ತದೆ. ಆರಿಸಿದ್ದು ಕಪ್ಪಾಗಬೇಕು, ಆರಿಸದ್ದು ಕಪ್ಪಾಗುವ ಗೆರೆಗಿಂತ ಸ್ವಲ್ಪ ಕೆಳಗೇ ಉಳಿಯಬೇಕು. ಬೋರ್ಡಿನ ಪಕ್ಕದ ಪ್ರಿಸೆಟ್ಟನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವುದು ಇದನ್ನೇ.

ಕರೆಂಟು ಬಂದ ಕೂಡಲೇ ನಿಯಂತ್ರಕ ಚಿಪ್ಪಿಗೆ ತನ್ನ ಮುಂದಿನ ಗಾಜಿನಲ್ಲಿ ಎಷ್ಟು ಸಾಲಿದೆ ಎಂಬುದು ಗೊತ್ತಿರುವುದಿಲ್ಲ. ಹುಟ್ಟುಗುಣದಂತೆ ‘ಒಂದೇ ಸಾಲು’ ಎಂದುಕೊಳ್ಳುತ್ತದೆ. 16 ಅಡ್ಡಗೆರೆಗಳ ಬದಲು ಮೇಲಿನ 8ಕ್ಕೆ ಮಾತ್ರ ಸರದಿ ನಡೆಸುತ್ತದೆ. ಸರದಿ ಎರಡರಷ್ಟು ಬೇಗ ಬರುವುದರಿಂದ ಆ ಎಂಟು ಗೆರೆಗಳಲ್ಲಿ ಆರಿಸದ ಚುಕ್ಕಿಗಳ ಮೇಲಿನ ಸರಾಸರಿ ವೋಲ್ಟೇಜೂ ಸುಮಾರು ಶೇ. 15ರಷ್ಟು ಏರುತ್ತದೆ. ಎರಡು ಸಾಲಿಗೆಂದು ಹೊಂದಿಸಿಟ್ಟ ಗೆರೆಯನ್ನು ದಾಟಲು ಅಷ್ಟು ಸಾಕು. ಮೇಲಿನ ಸಾಲಿನ ಚುಕ್ಕಿಗಳೆಲ್ಲ ಒಟ್ಟಿಗೆ ಕಪ್ಪಾಗುತ್ತವೆ. ಕೆಳಗಿನ ಸಾಲಿಗೆ ಸರದಿಯೇ ಇಲ್ಲ, ಅದು ಖಾಲಿ.

ಆದ್ದರಿಂದ ಚೌಕಗಳ ಸಾಲು ಕಂಡರೆ ಸಮಾಧಾನಪಡಬೇಕು. ಪರದೆಗೆ ಕರೆಂಟು ಬಂದಿದೆ, ಪ್ರಿಸೆಟ್ ಸರಿಯಿದೆ, ಚಿಪ್ಪು ಬದುಕಿದೆ. ‘ನಿನ್ನದು ಎರಡು ಸಾಲು’ ಎಂಬ ಆದೇಶ ಮಾತ್ರ ಅದಕ್ಕೆ ಮುಟ್ಟಿಲ್ಲ. ನನ್ನ ಕೇಳಿದರೆ, ಬೆಳಕಿದ್ದೂ ಏನೂ ಕಾಣದ ಪರದೆಗಿಂತ ಚೌಕ ತೋರಿಸುವ ಪರದೆ ಎಷ್ಟೋ ವಾಸಿ.

ಇಳಿಮಿಡಿತ

ಆದೇಶ ಮುಟ್ಟಿಸುವುದು ಹೇಗೆ? ಬೋರ್ಡಿನ ಅಂಚಿನಲ್ಲಿ 16 ಪಿನ್ನುಗಳಿವೆ. ಕರೆಂಟು, ಗ್ರೌಂಡು, ಪ್ರಿಸೆಟ್ಟು, ಹಿಂಬೆಳಕು ಇವುಗಳನ್ನು ಕಳೆದರೆ ಮಾತುಕತೆಗೆ ಉಳಿಯುವುದು 11. ಅವುಗಳಲ್ಲಿ ಎಂಟು ಮಾಹಿತಿ ತಂತಿಗಳು. ಒಂದೊಂದರ ಮೇಲೂ ವೋಲ್ಟೇಜ್ ಇದ್ದರೆ 1, ಇಲ್ಲದಿದ್ದರೆ 0. ಇಂಗ್ಲಿಷಿನ ‘ಎ’ ಅಕ್ಷರದ ಸಂಖ್ಯೆ 65. ಅದನ್ನು ತಂತಿಗಳ ಮೇಲೆ 0100 0001 ಎಂದು ಇಡಬೇಕು.

ಇಟ್ಟ ಮಾತ್ರಕ್ಕೆ ಚಿಪ್ಪು ಓದುವುದಿಲ್ಲ. ಎನೇಬಲ್ ಎಂಬ ಇನ್ನೊಂದು ಪಿನ್ನನ್ನು ಒಮ್ಮೆ ಮೇಲೆತ್ತಿ ಕೆಳಗಿಳಿಸಬೇಕು. ಇಳಿಯುವ ಆ ಗಳಿಗೆಯಲ್ಲಿ ತಂತಿಗಳ ಮೇಲೆ ಏನಿದೆಯೋ ಅದನ್ನೇ ಚಿಪ್ಪು ಒಳಗೆಳೆದುಕೊಳ್ಳುತ್ತದೆ. ಮುಂಚೆ ಏನಿತ್ತು, ಆಮೇಲೆ ಏನಾಯಿತು ಎಂಬುದು ಅದಕ್ಕೆ ಬೇಡ. ಇದನ್ನು ಇಳಿಮಿಡಿತ ಎಂದು ಕರೆಯೋಣ. ಈ ಮಾತು ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಆರ್‌ಎಸ್ ಎಂಬ ಪಿನ್ನು ಬಂದದ್ದು ಏನೆಂದು ಹೇಳುತ್ತದೆ. ಅದು 1 ಇದ್ದರೆ ಬಂದ ಸಂಖ್ಯೆ ತೋರಿಸಬೇಕಾದ ಅಕ್ಷರ, 0 ಇದ್ದರೆ ಪಾಲಿಸಬೇಕಾದ ಆದೇಶ. ಅದೇ ಸಂಖ್ಯೆ 1 ಅಕ್ಷರವಾಗಿ ಬಂದರೆ ನಾವೇ ಬಿಡಿಸಿಟ್ಟ ಒಂದು ಚಿತ್ರ ಮೂಡುತ್ತದೆ, ಆದೇಶವಾಗಿ ಬಂದರೆ ಇಡೀ ಪರದೆ ಅಳಿಸಿಹೋಗುತ್ತದೆ.

ಪ್ರತಿ ಕೆಲಸಕ್ಕೂ ಚಿಪ್ಪು ಸಮಯ ತೆಗೆದುಕೊಳ್ಳುತ್ತದೆ. ಬಹುಪಾಲು ಆದೇಶಗಳಿಗೆ 37 ಮೈಕ್ರೋಸೆಕೆಂಡು, ಕರ್ಸರನ್ನು ಮೊದಲ ಮನೆಗೆ ಮರಳಿಸುವ ಆದೇಶಕ್ಕೆ 1.52 ಮಿಲಿಸೆಕೆಂಡು. ನಮಗೆ ಇದು ಎಣಿಕೆಗೇ ಬಾರದ ಹೊತ್ತು. ಆದರೆ 16 ಮೆಗಾಹರ್ಟ್ಸ್ ವೇಗದ ಆರ್ಡುಯಿನೊ ಬೋರ್ಡಿನ ಗಡಿಯಾರ ಆ 37 ಮೈಕ್ರೋಸೆಕೆಂಡಿನಲ್ಲಿ ಸುಮಾರು 590 ಸಲ ಬಡಿದಿರುತ್ತದೆ. ಪ್ರೋಗ್ರಾಂ ಬರೆಯುವವರು ಕಾಯದೆ ಮುಂದಿನ ಅಕ್ಷರ ಕಳಿಸಿದರೆ ಅದು ಗಾಳಿಗೆ ಹೋದಂತೆಯೇ. ‘ಕೆಲಸ ಮುಗಿಯಿತೇ?’ ಎಂದು ಚಿಪ್ಪನ್ನೇ ಕೇಳಲು ಒಂದು ಪಿನ್ನು ಇದೆ ನಿಜ. ಒಂದು ತಂತಿ ಉಳಿಯಲಿ ಎಂದು ಹೆಚ್ಚಿನವರು ಅದನ್ನು ಗ್ರೌಂಡಿಗೆ ಕಟ್ಟಿಬಿಡುತ್ತಾರೆ. ಅಲ್ಲಿಗೆ ಮಾತು ಏಕಮುಖವಾಯಿತು. ಪರದೆ ಕೇಳಿಸಿಕೊಂಡಿತೋ ಇಲ್ಲವೋ ಎಂದು ತಿಳಿಯುವ ದಾರಿ ಮೈಕ್ರೋಕಂಟ್ರೋಲರಿಗೆ ಉಳಿಯುವುದಿಲ್ಲ. ಲೆಕ್ಕ ಹಾಕಿ ಕಾಯುವುದಷ್ಟೇ ಅದರ ಕೈಲಿರುವುದು.

ಜಪಾನಿ ಎಲ್ಲಿಂದ ಬಂತು

ಅಕ್ಷರಗಳ ರೂಪ ಬರುವುದು ಮೈಕ್ರೋಕಂಟ್ರೋಲರಿನಿಂದಲ್ಲ, ನಿಯಂತ್ರಕ ಚಿಪ್ಪಿನೊಳಗೇ ಅಚ್ಚಾಗಿರುವ ಪಟ್ಟಿಯಿಂದ. ನಾವು 65 ಕಳಿಸಿದರೆ ಚಿಪ್ಪು ಪಟ್ಟಿಯ 65ನೇ ಮನೆಯ ಚಿತ್ರ ಎತ್ತಿ ತೋರಿಸುತ್ತದೆ. ಹಿಟಾಚಿಯವರು ತಮ್ಮ ದೇಶದ ಮಾರುಕಟ್ಟೆಗೆಂದು ಪಟ್ಟಿಯ ಮೇಲ್ಭಾಗದಲ್ಲಿ ಜಪಾನಿನ ಕತಕನ ಲಿಪಿ ಇಟ್ಟರು. ಯುರೋಪಿನ ಅಕ್ಷರಗಳಿರುವ ಇನ್ನೊಂದು ಪಟ್ಟಿಯ ಚಿಪ್ಪೂ ಇದೆ, ಆದರೆ ನಮ್ಮಲ್ಲಿ ಸಿಗುವ ಅಗ್ಗದ ಪರದೆಗಳಲ್ಲಿ ಸಾಮಾನ್ಯವಾಗಿ ಇರುವುದು ಕತಕನ ಪಟ್ಟಿಯೇ. ಕಾಲೇಜಿನ ಪ್ರಾಜೆಕ್ಟುಗಳಲ್ಲಿ ಉಷ್ಣಾಂಶ ತೋರಿಸುವಾಗ ಡಿಗ್ರಿಯ ಸೊನ್ನೆಗೆಂದು ಎಲ್ಲರೂ 223 ಎಂದು ಬರೆಯುತ್ತಾರೆ. ಆ ಪುಟ್ಟ ಸೊನ್ನೆ ಡಿಗ್ರಿ ಚಿಹ್ನೆಯೇ ಅಲ್ಲ. ಜಪಾನಿಯಲ್ಲಿ ‘ಹ’ವನ್ನು ‘ಪ’ ಮಾಡಲು ಅಕ್ಷರದ ಪಕ್ಕ ಹಾಕುವ ಗುರುತು ಅದು.

ಕನ್ನಡಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ. ನಾವೇ ಚಿತ್ರ ಬಿಡಿಸಿ ತುಂಬಬಹುದಾದ 8 ಖಾಲಿ ಮನೆಗಳು ಮಾತ್ರ ಇವೆ. ಅವುಗಳಲ್ಲಿ ಒಂದೊಂದು ಸರಳ ಅಕ್ಷರವನ್ನು ಹೇಗೋ ತುರುಕಬಹುದು. ಆದರೆ 8 ಚುಕ್ಕಿ ಎತ್ತರದಲ್ಲಿ ತಲೆಕಟ್ಟು, ಅಕ್ಷರ, ಕೆಳಗೆ ಒತ್ತು ಇವಿಷ್ಟೂ ಹಿಡಿಸುವುದಿಲ್ಲ. ಎರಡು ಸಾಲನ್ನೂ ಸೇರಿಸಿ ನಾಲ್ಕು ಮನೆಗೊಂದು ದೊಡ್ಡ ಅಕ್ಷರ ಬರೆಯೋಣ ಎಂದರೆ ಒಮ್ಮೆಗೆ ಎರಡೇ ಅಕ್ಷರ ಸಾಧ್ಯ, ಮನೆಗಳ ನಡುವಿನ ಸಂದು ಬೇರೆ ಅಕ್ಷರವನ್ನು ಸೀಳುತ್ತದೆ. ಕನ್ನಡ ತೋರಿಸಬೇಕಾದ ಯಂತ್ರಗಳಿಗೆ ಪ್ರತಿ ಚುಕ್ಕಿಯನ್ನೂ ಬೇರೆಬೇರೆಯಾಗಿ ಆಳಬಹುದಾದ ಗ್ರಾಫಿಕ್ ಪರದೆಯೇ ಬೇಕು. ರೈತರು ದಿನಾ ನೋಡುವ ಯಂತ್ರಗಳಲ್ಲಿ ‘ಡ್ರೈ ರನ್’, ‘ಲೋ ವೋಲ್ಟ್’ ಎಂದು ಇಂಗ್ಲಿಷೇ ಮಿನುಗುವುದಕ್ಕೆ ತಯಾರಕರ ಉದಾಸೀನದ ಜೊತೆಗೆ ಈ 8 ಮನೆಗಳ ಇಕ್ಕಟ್ಟೂ ಕಾರಣ.

ಜಪಾನಿ ಅಕ್ಷರಗಳು ಎಲ್ಲಿವೆ ಎಂಬುದೇನೋ ತಿಳಿಯಿತು. ಕರೆಯದೇ ಇದ್ದಾಗ ಅವು ಬರುವುದೇಕೆ ಎಂಬುದು ಉಳಿದಿದೆ.

ನಾಲ್ಕು ತಂತಿ, ಎರಡು ಕಂತು

ಮೈಕ್ರೋಕಂಟ್ರೋಲರಿನ ಪಿನ್ನುಗಳು ತುಟ್ಟಿ. ಪರದೆಯೊಂದಕ್ಕೇ ಎಂಟು ಮಾಹಿತಿ ತಂತಿ ಕೊಟ್ಟುಬಿಟ್ಟರೆ ಸೆನ್ಸರು, ಸ್ವಿಚ್ಚು, ರಿಲೇಗಳನ್ನು ಎಲ್ಲಿ ಕಟ್ಟುವುದು? ಹಿಟಾಚಿಯವರು ಇದಕ್ಕೆ ದಾರಿ ಬಿಟ್ಟಿದ್ದಾರೆ. ನಾಲ್ಕೇ ತಂತಿ ಕಟ್ಟಿ, ಪ್ರತಿ ಸಂಖ್ಯೆಯನ್ನೂ ಎರಡು ಕಂತಿನಲ್ಲಿ ಕಳಿಸಬಹುದು. ಮೊದಲು ಮೇಲಿನ ಅರ್ಧ ಮತ್ತು ಒಂದು ಇಳಿಮಿಡಿತ, ಆಮೇಲೆ ಕೆಳಗಿನ ಅರ್ಧ ಮತ್ತು ಇನ್ನೊಂದು ಇಳಿಮಿಡಿತ. ‘ಎ’ ಕಳಿಸಲು 0100, ನಂತರ 0001. ಇವತ್ತು ಬಹುತೇಕ ಯಂತ್ರಗಳಲ್ಲಿ ನಡೆಯುವುದು ಹೀಗೆಯೇ. ಪರದೆಯ ಬೆನ್ನಿಗೆ ಅಂಟಿಸಿ ಮಾರುವ ಎರಡು ತಂತಿಯ ಐ2ಸಿ ಅಡಾಪ್ಟರಿನಲ್ಲೂ ಒಳಗಿನ ವ್ಯವಹಾರ ಇದೇ.

ಉಳಿತಾಯವೇನೋ ಆಯಿತು, ಜೊತೆಗೊಂದು ಅಪಾಯವೂ ಬಂತು. ಬಂದ ಕಂತು ಮೊದಲ ಅರ್ಧವೋ ಎರಡನೆಯದೋ ಎಂದು ಹೇಳುವ ಗುರುತು ಯಾವ ತಂತಿಯ ಮೇಲೂ ಇಲ್ಲ. ಚಿಪ್ಪು ‘ಒಂದು, ಎರಡು, ಒಂದು, ಎರಡು’ ಎಂದು ತನ್ನೊಳಗೇ ಎಣಿಸಿಕೊಳ್ಳುತ್ತದೆ. ಮೈಕ್ರೋಕಂಟ್ರೋಲರೂ ಹಾಗೇ ಎಣಿಸಿಕೊಳ್ಳುತ್ತದೆ. ಎರಡೂ ಎಣಿಕೆ ಹೊಂದಿದ್ದರೆ ಸರಿ. ನಡುವೆ ಒಂದೇ ಒಂದು ಕಂತು ಕಳೆದುಹೋದರೂ, ಎಲ್ಲಿಂದಲೋ ಒಂದು ಸುಳ್ಳು ಮಿಡಿತ ಬಂದು ಸೇರಿದರೂ, ಅಲ್ಲಿಂದಾಚೆ ಎಲ್ಲವೂ ಅರ್ಧ ಹೆಜ್ಜೆ ಆಚೀಚೆ. ಅಂಗಿಯ ಗುಂಡಿ ಹಾಕುವಾಗ ಮೇಲೆ ಒಂದು ಕಾಜಾ ತಪ್ಪಿದರೆ ಕೆಳಗಿನವೆಲ್ಲ ಸಾಲಾಗಿ ತಪ್ಪುತ್ತಾ ಹೋಗುವುದಿಲ್ಲವೇ, ಹಾಗೆ. ಒಂದೊಂದು ಗುಂಡಿಯೂ ಯಾವುದೋ ಒಂದು ಕಾಜಾದಲ್ಲಿ ಭದ್ರವಾಗಿಯೇ ಕೂತಿರುತ್ತದೆ, ಅಂಗಿ ಮಾತ್ರ ಸೊಟ್ಟ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪರದೆಗೆ ‘ಹಲೋ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಬೇಕಿದೆ: ಎಚ್, ಇ, ಎಲ್, ಎಲ್, ಒ. ನಾಲ್ಕು ತಂತಿಗಳ ಮೇಲೆ 0ಯಿಂದ 15ರವರೆಗಿನ ಸಂಖ್ಯೆ ಹಿಡಿಸುತ್ತದೆ. ಹಾಗಾಗಿ ಕಂತುಗಳನ್ನು ಸಂಖ್ಯೆಯಲ್ಲೇ ಬರೆದರೆ ಈ ಐದು ಅಕ್ಷರಗಳು ಹೀಗಾಗುತ್ತವೆ: 4-8, 4-5, 4-12, 4-12, 4-15. ಚಿಪ್ಪು ಅರ್ಧ ಹೆಜ್ಜೆ ಜಾರಿದೆ ಎನ್ನಿ. ಮೊದಲ 4 ಹಿಂದೆಂದೋ ಬಾಕಿ ಉಳಿದ ಅರ್ಧಕ್ಕೆ ಅಂಟಿಕೊಂಡು ಏನೋ ಒಂದಾಗುತ್ತದೆ. ಉಳಿದವನ್ನು ಚಿಪ್ಪು 8-4, 5-4, 12-4, 12-4 ಎಂದು ಜೋಡಿಸಿಕೊಳ್ಳುತ್ತದೆ. ಪಟ್ಟಿ ತೆಗೆದು ನೋಡಿದರೆ 8-4 ಖಾಲಿ ಮನೆ, 5-4 ಇಂಗ್ಲಿಷಿನ ‘ಟಿ’, 12-4 ಕತಕನದ ‘ತೊ’. ಕೊನೆಯ 15 ಜೊತೆಗಾರನಿಗಾಗಿ ಕಾಯುತ್ತಾ ಕೂರುತ್ತದೆ. ಹಲೋ ಹೋಗಿ ‘ಟಿ ತೊ ತೊ’ ಆಯಿತು!

ಎರಡು ‘ಎಲ್’ಗಳಿದ್ದ ಕಡೆಯೇ ಎರಡು ‘ತೊ’ ಬಂದಿರುವುದನ್ನು ಗಮನಿಸಿ. ಅಕ್ಷರಗಳು ಮನಬಂದಂತೆ ಬಂದಿಲ್ಲ, ಕರಾರುವಾಕ್ಕಾಗಿ ಅರ್ಧ ಜಾರಿ ಬಂದಿವೆ. ತಾಳ್ಮೆಯಿರುವ ರಿಪೇರಿಗಾರ ಆ ಜಪಾನಿ ಸಾಲನ್ನು ಕಾಗದದ ಮೇಲೆ ಬರೆದುಕೊಂಡು, ಮೂಲ ಸಂದೇಶವನ್ನು ಬಹುಪಾಲು ಬಿಡಿಸಿ ಓದಲೂಬಹುದು.

ಮೂರು ಸಲ ಏಕೆ

ಜಾರಿದ್ದನ್ನು ಸರಿಪಡಿಸುವುದು ಹೇಗೆ? ‘ನೀನೀಗ ಎಲ್ಲಿದ್ದೀಯ?’ ಎಂದು ಕೇಳುವ ತಂತಿಯನ್ನು ನಾವೇ ಗ್ರೌಂಡಿಗೆ ಕಟ್ಟಿದ್ದೇವೆ. ಕಟ್ಟದಿದ್ದರೂ, ಜಾರಿದ ಚಿಪ್ಪಿನ ಉತ್ತರವೂ ಜಾರಿಯೇ ಬರುತ್ತದೆ. ಚಿಪ್ಪು ಯಾವ ಸ್ಥಿತಿಯಲ್ಲಿದ್ದರೂ ಕೊನೆಗೆ ಒಂದೇ ಕಡೆ ತಂದು ನಿಲ್ಲಿಸುವ ಆದೇಶಗಳ ಸರಣಿ ಬೇಕು. ಹಿಟಾಚಿಯ ಕೈಪಿಡಿಯಲ್ಲಿ ಅಂಥದ್ದೊಂದಿದೆ. ಹೊಸಬರು ಅದನ್ನು ಮಂತ್ರದಂತೆ ನಕಲು ಹೊಡೆಯುತ್ತಾರೆ. ಕರೆಂಟು ಬಂದ ಮೇಲೆ 15 ಮಿಲಿಸೆಕೆಂಡಿಗೂ ಹೆಚ್ಚು ಕಾಯಿರಿ. 3 ಕಳಿಸಿ. 4.1 ಮಿಲಿಸೆಕೆಂಡಿಗೂ ಹೆಚ್ಚು ಕಾಯಿರಿ. ಮತ್ತೆ 3. 100 ಮೈಕ್ರೋಸೆಕೆಂಡಿಗೂ ಹೆಚ್ಚು ಕಾಯಿರಿ. ಮತ್ತೂ ಒಮ್ಮೆ 3. ಕೊನೆಗೆ 2.

3 ಅಂದರೆ ನಾಲ್ಕು ತಂತಿಗಳ ಮೇಲೆ 0011. ಅದು ಆದೇಶದ ಮೇಲಿನ ಅರ್ಧವಾಗಿ ಬಂದರೆ ಅರ್ಥ: ‘ಇನ್ನು ಮುಂದೆ ಎಂಟು ತಂತಿಯಲ್ಲಿ ಕೇಳಿಸಿಕೋ.’ 2, ಅಂದರೆ 0010, ‘ನಾಲ್ಕು ತಂತಿಯಲ್ಲಿ ಕೇಳಿಸಿಕೋ.’ ನಮಗೆ ಬೇಕಿರುವುದು ನಾಲ್ಕು ತಂತಿಯ ಸಂಭಾಷಣೆ. ಹಾಗಿದ್ದೂ ಮೂರು ಸಲ ಎಂಟು, ಎಂಟು, ಎಂಟು ಎನ್ನುತ್ತೇವೆ. ಯಾಕೆಂದು ತಿಳಿಯಲು ಚಿಪ್ಪು ಇರಬಹುದಾದ ಸ್ಥಿತಿಗಳನ್ನು ಒಂದೊಂದಾಗಿ ಹಿಡಿಯಬೇಕು. ಇರುವುದು ಮೂರೇ.

ಚಿಪ್ಪು ಈಗಷ್ಟೇ ಎದ್ದಿದೆ, ಎಂಟು ತಂತಿಯ ಸ್ಥಿತಿಯಲ್ಲಿದೆ ಎನ್ನಿ. ಪ್ರತಿ ಇಳಿಮಿಡಿತವೂ ಅದಕ್ಕೆ ಪೂರ್ತಿ ಆದೇಶ. ಮೂರು ಸಲವೂ ‘ಎಂಟು ತಂತಿ’ ಎಂದೇ ಕೇಳಿಸುತ್ತದೆ. ಮೊದಲೇ ಅಲ್ಲಿತ್ತು, ಅಲ್ಲೇ ಉಳಿಯಿತು. ಕಟ್ಟದೇ ಬಿಟ್ಟ ಕೆಳಗಿನ ನಾಲ್ಕು ತಂತಿಗಳ ಮೇಲೆ ಏನು ಕಂಡರೂ ‘ಎಂಟು’ ಎಂಬ ಆದೇಶ ಬದಲಾಗುವುದಿಲ್ಲ.

ಚಿಪ್ಪು ನಾಲ್ಕು ತಂತಿಯ ಸ್ಥಿತಿಯಲ್ಲಿದ್ದು, ಹೊಸ ಸಂಖ್ಯೆಯ ಮೊದಲ ಅರ್ಧಕ್ಕೆ ಕಾಯುತ್ತಿದ್ದರೆ? ಮೊದಲ 3 ಮೇಲಿನ ಅರ್ಧ, ಎರಡನೇ 3 ಕೆಳಗಿನ ಅರ್ಧ. ಎರಡೂ ಕೂಡಿ ‘ಎಂಟು ತಂತಿ’ ಎಂಬ ಒಂದು ಆದೇಶ. ಮೂರನೇ 3 ಬರುವಷ್ಟರಲ್ಲಿ ಚಿಪ್ಪು ಎಂಟಕ್ಕೆ ಹೊರಳಿರುತ್ತದೆ, ಅದೇ ಆದೇಶವನ್ನು ಮತ್ತೊಮ್ಮೆ ಕೇಳುತ್ತದೆ.

ಸಿಕ್ಕು ಇರುವುದು ಮೂರನೆಯದರಲ್ಲಿ. ಚಿಪ್ಪು ಅರ್ಧ ಜಾರಿ, ಯಾವುದೋ ಹಳೆಯ ಸಂಖ್ಯೆಯ ಎರಡನೇ ಅರ್ಧಕ್ಕೆ ಕಾಯುತ್ತಿದೆ. ನಮ್ಮ ಮೊದಲ 3 ಆ ಹಳೆಯ ಅರ್ಧದ ಬಾಲವಾಗಿ ಹೋಗುತ್ತದೆ. ಹುಟ್ಟಿದ ಆದೇಶ ಏನಾಗಿದ್ದೀತು, ಹೇಳಲಾಗದು. ಹಳೆಯ ಅರ್ಧ 0000 ಆಗಿದ್ದರೆ ಅದು ಕರ್ಸರನ್ನು ಮೊದಲ ಮನೆಗೆ ಮರಳಿಸುವ ಆದೇಶ, ಅಂದರೆ 1.52 ಮಿಲಿಸೆಕೆಂಡು ಹಿಡಿಯುವ ದೀರ್ಘ ಕೆಲಸ. ಮೊದಲ 3ರ ನಂತರ 4.1 ಮಿಲಿಸೆಕೆಂಡು ಕಾದಿರುವುದರಿಂದ ಅದೂ ಮುಗಿದಿರುತ್ತದೆ. ಈಗ ಬಾಕಿ ತೀರಿತು. ಎರಡನೇ 3 ಮೇಲಿನ ಅರ್ಧ, ಮೂರನೇ 3 ಕೆಳಗಿನ ಅರ್ಧ, ಕೂಡಿದರೆ ‘ಎಂಟು ತಂತಿ’.

ಎಲ್ಲಿಂದ ಹೊರಟರೂ ಮೂರನೇ ಮಿಡಿತದ ಹೊತ್ತಿಗೆ ಚಿಪ್ಪು ಎಂಟು ತಂತಿಯ ಸ್ಥಿತಿಗೆ ಬಂದು ನಿಂತಿರುತ್ತದೆ. ಎರಡು ಸಲ ಸಾಲದು, ನಾಲ್ಕನೇ ಸಲ ಬೇಡ. ಎಂಟು ತಂತಿಯ ಸ್ಥಿತಿಯಲ್ಲಿ ಅರ್ಧ ಎಂಬುದೇ ಇಲ್ಲ, ಜಾರಲು ಏನೂ ಇಲ್ಲ. ಆಗ ಒಂದು 2 ಕಳಿಸಿ ‘ನಾಲ್ಕು ತಂತಿ’ ಎಂದರೆ, ಮುಂದಿನ ಕಂತು ಮೊದಲ ಅರ್ಧ ಎಂಬುದರಲ್ಲಿ ಇಬ್ಬರಿಗೂ ಅನುಮಾನ ಉಳಿಯುವುದಿಲ್ಲ. ‘ನಿನ್ನದು ಎರಡು ಸಾಲು’ ಎಂಬ ಆದೇಶ ಹೋಗುವುದು ಇದಾದ ಮೇಲೆ. ಕಪ್ಪು ಚೌಕಗಳು ಮಾಯವಾಗುವುದೂ ಆಗಲೇ.

ಆರ್ಡುಯಿನೊ ಬಳಸುವವರು ಲಿಕ್ವಿಡ್‌ಕ್ರಿಸ್ಟಲ್ ಲೈಬ್ರರಿಯ ‘ಬಿಗಿನ್’ ಎಂಬ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಲೈಬ್ರರಿಯ ಒಳಗೆ ಇಣುಕಿದರೆ ಇದೇ ಮೂರು 3, ಒಂದು 2 ಕೂತಿವೆ. ಕಾಯುವ ಹೊತ್ತನ್ನು ಮಾತ್ರ ಕೈಪಿಡಿ ಹೇಳಿದ್ದಕ್ಕಿಂತ ಧಾರಾಳವಾಗಿ ಇಟ್ಟಿದ್ದಾರೆ.

ಮೋಟರು ಚಾಲೂ ಆದಾಗ

ಇಷ್ಟಾದರೂ ಕೆಲಸ ಮಾಡುತ್ತಿದ್ದ ಪರದೆ ನಡುವೆ ಏಕೆ ಕೆಡುತ್ತದೆ? ಆರಂಭದಲ್ಲಿ ಹೊಂದಿಕೆಯಾದ ಎಣಿಕೆ ಕೊನೆತನಕ ಹಾಗೇ ಉಳಿಯಬೇಕೆಂದೇನಿಲ್ಲ. ಕಂಟ್ರೋಲ್ ಬಾಕ್ಸಿನೊಳಗೆ ಮೋಟರಿನ ಕಾಂಟ್ಯಾಕ್ಟರ್ ‘ಟಕ್’ ಎಂದು ಬಡಿದಾಗ ಸುತ್ತಲಿನ ತಂತಿಗಳಲ್ಲೆಲ್ಲ ಕ್ಷಣಿಕ ವೋಲ್ಟೇಜ್ ಚಿಮ್ಮುತ್ತದೆ. ಬಾಕ್ಸಿನ ಬಾಗಿಲಿಗೆ ಕೂರಿಸಿದ ಪರದೆಗೆ ಒಳಗಿನ ಬೋರ್ಡಿನಿಂದ ಉದ್ದದ ತಂತಿಪಟ್ಟಿ ಎಳೆದಿರುತ್ತಾರೆ, ಅದೂ ಕೆಲವೊಮ್ಮೆ ಕಾಂಟ್ಯಾಕ್ಟರಿನ ಪಕ್ಕದಲ್ಲೇ. ಎನೇಬಲ್ ತಂತಿಯ ಮೇಲೆ ಅಂಥ ಚಿಮ್ಮು ಬಿದ್ದರೆ ಚಿಪ್ಪಿಗೆ ಅದೂ ಒಂದು ಇಳಿಮಿಡಿತವೇ. ಎಣಿಕೆ ಅರ್ಧ ಜಾರಿತು. ಮೋಟರು ನೀರೆತ್ತುತ್ತಲೇ ಇರುತ್ತದೆ, ಲೆಕ್ಕವೆಲ್ಲ ಸರಿಯಾಗಿಯೇ ನಡೆಯುತ್ತದೆ, ಪರದೆ ಮಾತ್ರ ಜಪಾನಿ ಮಾತಾಡುತ್ತದೆ. ಮೇನ್ ಸ್ವಿಚ್ ಆರಿಸಿ ಹಾಕಿದರೆ ಸರಿಹೋಗುವುದೂ ಇದಕ್ಕೇ: ಪ್ರೋಗ್ರಾಂ ಮೊದಲಿನಿಂದ ಓಡಿ ಮೂರು 3 ಕಳಿಸುತ್ತದೆ.

ರಿಪೇರಿಗೆ ಎರಡು ದಾರಿ. ಮೊದಲನೆಯದು ತಂತಿಯದು. ತಂತಿಪಟ್ಟಿಯನ್ನು ಗಿಡ್ಡ ಮಾಡಿ, ಕಾಂಟ್ಯಾಕ್ಟರಿನಿಂದ ದೂರ ಒಯ್ಯಿರಿ. ಪರದೆಯ ಕರೆಂಟು ಮತ್ತು ಗ್ರೌಂಡ್ ಪಿನ್ನುಗಳ ನಡುವೆ, ಆದಷ್ಟು ಹತ್ತಿರದಲ್ಲಿ, 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಬೆಸುಗೆ ಹಾಕಿ. ಕಾಂಟ್ಯಾಕ್ಟರಿನ ಕಾಯಿಲಿಗೆ ಸ್ನಬ್ಬರ್ ಕಟ್ಟಿ.

ಎರಡನೆಯದು ಪ್ರೋಗ್ರಾಮಿನದು. ಮೂರು 3 ಇರುವ ಭಾಗವನ್ನು ಆರಂಭದಲ್ಲಿ ಒಮ್ಮೆ ಮಾತ್ರ ಓಡಿಸಿ ಬಿಡಬೇಡಿ. ಕಾಂಟ್ಯಾಕ್ಟರ್ ಬಡಿದ ಅರ್ಧ ಸೆಕೆಂಡಿನ ನಂತರ ಪ್ರತಿ ಸಲವೂ ಮತ್ತೊಮ್ಮೆ ಓಡಿಸಿ. ಆದರೆ ಲೈಬ್ರರಿಯ ‘ಬಿಗಿನ್’ ಅನ್ನೇ ಮತ್ತೆ ಕರೆದರೆ ಅದು ಪರದೆಯನ್ನು ಅಳಿಸಿಬಿಡುತ್ತದೆ, ಅಕ್ಷರಗಳು ಮಿಣುಕುತ್ತವೆ. ಅಳಿಸುವ ಆದೇಶವನ್ನು ಬಿಟ್ಟು ಉಳಿದವನ್ನು ನೀವೇ ಕಳಿಸಿ, ಕರ್ಸರನ್ನು ಮೊದಲ ಮನೆಗೆ ತಂದು, ಎರಡೂ ಸಾಲನ್ನು ಹಳೆಯದರ ಮೇಲೆಯೇ ಬರೆಯಿರಿ. ಎರಡನೇ ಸಾಲಿನ ವಿಳಾಸ 16ರಿಂದಲ್ಲ, 64ರಿಂದ ಶುರುವಾಗುತ್ತದೆ ಎಂಬುದು ನೆನಪಿರಲಿ. ಇಲ್ಲದಿದ್ದರೆ 17ನೇ ಅಕ್ಷರ ಕೆಳಗಿನ ಸಾಲಿಗೆ ಇಳಿಯದೆ, ಚಿಪ್ಪಿನ ನೆನಪಿನಲ್ಲಿದ್ದೂ ಗಾಜಿನ ಮೇಲೆ ಕಾಣದ 24 ಮನೆಗಳೊಳಗೆ ಹೋಗಿ ಕೂರುತ್ತದೆ.